ಶಿವಮೊಗ್ಗ, ಭದ್ರಾವತಿಗಳಲ್ಲಿ ಎಚ್.ಐ.ವಿ. ಸೋಂಕಿತ ಸ್ತ್ರೀಯರ ಸಂಘಸ್ಥಾಪನೆ: ಒಂದು ವಿಚಾರ

ಸಂಘವೊಂದರ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಬೇಕಾದುವು ಸದಸ್ಯರ ಪಟ್ಟಿ ಮತ್ತು ನಡಾವಳಿಯ ಪುಸ್ತಕ. ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವ ಸ್ತ್ರೀಯರು ಪರಸ್ಪರ ನೆರವಿಗೆಂದು ಕಟ್ಟಿಕೊಳ್ಳುವ ಸಂಘಗಳ ವಿಷಯದಲ್ಲಾದರೋ ಇವೆರಡೂ ನಮಗೆ ಸಿಕ್ಕುವಂತಿಲ್ಲ, ಸಿಕ್ಕಲೂ ಬಾರದು. ಹೆಸರು ಹೊರಬೀಳದಿರುವುದೇ ಅವುಗಳ ತಳಹದಿ. ಆದಕಾರಣ ಇತರ ಮಹಿಳಾ ಸಂಘಗಳ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಲಾಗದೆಂಬುದನ್ನು ಈ ಎರಡು ಊರುಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದು ನಮ್ಮ ಉದ್ದೇಶ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಬೆಂಗಳೂರಿನಲ್ಲಿ ‘ಸಂರಕ್ಷ’ ಸಂಸ್ಥೆ 1993ರಲ್ಲಿ ಹುಟ್ಟಿತು. ಸೋಂಕಿತ ಸ್ತ್ರೀಯರು ತಾವೇ ಮುಂದೆ ನಿಂತು ಕಟ್ಟಿದ ಸಂಘಟನೆ 1998ರಲ್ಲಿ ಚೆನ್ನೈಯಲ್ಲಿ, ಪಿ. ಕೌಸಲ್ಯ ಮೊದಲಾದವರಿಂದ ಆರಂಭವಾಯಿತು. 2004ರ ಏಪ್ರಿಲ್ 1ರಿಂದ ಸರ್ಕಾರವು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಉಚಿತವಾಗಿ ಔಷಧವನ್ನು ಕೊಡತೊಡಗಿದುದು ಈ ಇತಿಹಾಸದ ದೊಡ್ಡ ತಿರುವು. ತತ್ಪೂರ್ವದಲ್ಲಿ ಸಂಘದ ಕೆಲಸವೆಂದರೆ ಬಹುಮಟ್ಟಿಗೆ ರೋಗಿಯ ಶುಶ್ರೂಷೆ, ಸಾವಿನ ಸಮೀಪದ ಸಾಂತ್ವನ. ಆಯುಸ್ಸು ಬೆಳೆದ ಮೇಲೆ ಮನೆ, ಆಸ್ತಿ, ಮಕ್ಕಳ ಶಾಲೆ, ವಿಧವಾ ವೇತನ ಇವು ಮುಂದೆ ಬಂದುವು.

ನಮ್ಮ ರಾಜ್ಯದಲ್ಲಿ 2000-01ರಲ್ಲಿ ಮೊದಲಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳನ್ನು ವಾಚಕರು ಬಲ್ಲರು. ನೆರೆಹೊರೆಯ ಹದಿನೈದಿಪ್ಪತ್ತು ಮಂದಿ ಕೂಡಿ ಉಳಿತಾಯ ಮಾಡುವುದು ಅವುಗಳ ಕ್ರಮ. ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ತಿಳಿದಿರುವುದೇ ಅವುಗಳ ಬಲ. ಸೋಂಕಿತಳಿಗೆ ಅದೇ ಭಯ. ಭದ್ರಾವತಿಯನ್ನು ನೋಡಿ. 1923ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆ, ಮುಂದೆ ಬಂದ ಕಾಗದದ ಕಾರ್ಖಾನೆ, ಇವುಗಳ ಕ್ವಾರ್ಟರ್ಸುಗಳ ಸಾಲಿನಲ್ಲಿ ಬೆಳೆದ ಊರು ಅದು. ಯಾರು ಯಾವ ಪಾಳಿಗೆ ಹೋದರು, ಯಾರ ಮನೆಗೆ ಯಾರು ಬಂದರು ಎಂಬುದು ಅಂತಹ ಸಾಲುಮನೆಗಳಲ್ಲಿ ಮರೆಯಾಗಿರುವುದು ಕಷ್ಟ. ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ಔಷಧಕ್ಕೆಂದು ಅಲ್ಲಿಗೆ ಬರುವವಳಿಗೆ ಬೇರೊಂದು ನೆಪ ಬೇಕಿಲ್ಲ. ಸಂಘವನ್ನು ಬೀದಿಗೆ ಕಟ್ಟುವುದಕ್ಕಿಂತ ಔಷಧದ ದಿನಕ್ಕೆ ಕಟ್ಟುವುದು ಮೇಲೆಂದು ನಮಗೆ ತೋರುತ್ತದೆ. ಅಲ್ಲಿಯೂ ತನ್ನ ಬೀದಿಯವರೇ ಕಣ್ಣಿಗೆ ಬೀಳಬಹುದು. ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಹೋಗುವುವು. ಕೂಡುವ ಕೋಣೆಗೆ ನಾಮಫಲಕ ಬೇಡ. (ಸಂಘವೆಂದೊಡನೆ ನಾವು ಮೊದಲು ಬರೆಸುವುದು ಅದನ್ನೇ!)

ಆ ಕೋಣೆಯಲ್ಲಿ ಆಗಬೇಕಾದ ಕೆಲಸ ಅಲ್ಪವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೇರೆಗೆ, ಉಯಿಲು ಬರೆಯದೆ ತೀರಿಕೊಂಡವನ ಸ್ವತ್ತಿನಲ್ಲಿ ವಿಧವೆಗೆ ಮಕ್ಕಳೊಡನೆ ಪಾಲುಂಟು. ಕೇಳಹೋದರೆ ಗುಟ್ಟು ರಟ್ಟಾದೀತೆಂದು ಅತ್ತೆಯ ಮನೆಯಿಂದ ಸುಮ್ಮನೆ ಹೊರಬರುವವರುಂಟು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್.ಐ.ವಿ. ಕಾಯಿದೆಯು ಅಂತಹವಳಿಗೆ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ನ್ಯಾಯಾಲಯದಲ್ಲಿ ನಿಜನಾಮವನ್ನು ಮರೆಮಾಡಿ ವ್ಯವಹರಿಸಲೂ ಅವಕಾಶವಿತ್ತಿದೆ. ಈ ದಾರಿಯನ್ನು ತುಳಿದು ಬಂದ ಒಬ್ಬಳು ಇನ್ನೊಬ್ಬಳಿಗೆ ಹೇಳಿದಾಗ ಹುಟ್ಟುವ ಧೈರ್ಯ ಕರಪತ್ರದಿಂದ ಹುಟ್ಟಲಾರದು.

ಆದರೆ ಒಂದು ತೊಡಕು ಉಳಿಯುತ್ತದೆ. ಸಂಘವು ಸ್ವಂತ ಹೆಸರಿನಲ್ಲಿ ಅನುದಾನ ಬೇಡಬೇಕಾದರೆ ನೋಂದಣಿ ಬೇಕಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯು ಕಡೆಯ ಪಕ್ಷ ಏಳು ಮಂದಿಯ ಸಹಿಯನ್ನು ಕೇಳುತ್ತದೆ. ಸೋಂಕಿತರೇ ಸಹಿ ಹಾಕಿದರೆ ಹೆಸರು ಕಚೇರಿಯ ಕಡತಕ್ಕೆ ಸೇರಿತು. ಹಿತೈಷಿಗಳು ಹಾಕಿದರೆ ಸಂಘ ಅವರದಾಯಿತು. ಏಳರಲ್ಲಿ ಮೂವರೋ ನಾಲ್ವರೋ ಹೆಸರು ಹೇಳಲು ಅಂಜದ ಸೋಂಕಿತ ಸ್ತ್ರೀಯರು ಮುಂದೆ ಬರುವವರೆಗೆ ನೋಂದಣಿಯನ್ನು ತಡೆದಿರಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಅನುದಾನ ತಡವಾದರೂ ಸರಿಯೆ.