ಏರುಮಡಿ ತುಂಬಿಸಲು ಪೂರ್ತಿ ಮಣ್ಣನ್ನೇ ಕೊಳ್ಳಬೇಕೇ?

ಹಿತ್ತಲಲ್ಲಿ ತರಕಾರಿ ಬೆಳೆಯಲು ಇಟ್ಟಿಗೆ ಅಥವಾ ಹಲಗೆಯ ಚೌಕಟ್ಟು ಕಟ್ಟಿ ಏರುಮಡಿ ಮಾಡುವವರು ಹೆಚ್ಚುತ್ತಿದ್ದಾರೆ. ಚೌಕಟ್ಟಿಗಿಂತ ಅದನ್ನು ತುಂಬಿಸುವ ಖರ್ಚೇ ಹಲವರನ್ನು ಬೆಚ್ಚಿಬೀಳಿಸುತ್ತದೆ. ಈ ಖರ್ಚನ್ನು ಅರ್ಧಕ್ಕೆ ಇಳಿಸುವುದು ಹೇಗೆ, ಯಾವ ನಂಬಿಕೆಗಳು ತಪ್ಪು ಎಂಬುದನ್ನು ನೋಡೋಣ.

ಎಷ್ಟು ಬೇಕು?

6 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮಡಿಗೆ 27 ಘನ ಅಡಿ, ಅಂದರೆ ಸುಮಾರು 765 ಲೀಟರ್ ಮಿಶ್ರಣ ಬೇಕು. 40 ಲೀಟರಿನ ಚೀಲಗಳಾದರೆ 19ಕ್ಕೂ ಹೆಚ್ಚು! ಆದರೆ ಸೊಪ್ಪು, ಈರುಳ್ಳಿಯಂಥ ಬೆಳೆಗಳ ಬೇರು ಹೆಚ್ಚಾಗಿ ಮೇಲಿನ 6ರಿಂದ 9 ಅಂಗುಲದಲ್ಲೇ ಹರಡುತ್ತದೆ. ಹಾಗಾಗಿ ಒಳ್ಳೆಯ ಮಣ್ಣು ಮೇಲರ್ಧಕ್ಕೆ ಸಾಕು.

ಕೆಳಗರ್ಧಕ್ಕೆ ಏನು?

ಒಣ ಕೊಂಬೆಗಳು, ತೆಂಗಿನ ಸಿಪ್ಪೆ, ಬಾಳೆ ದಿಂಡು, ತರಗೆಲೆ ಹಾಕಬಹುದು. ದಪ್ಪನೆಯವು ಕೆಳಗೆ, ಸಣ್ಣವು ಮೇಲೆ ಇರಲಿ. ಸಂದುಗಳಿಗೆ ಮಣ್ಣು ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ. ಇವು ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತವೆ, ತೇವವನ್ನೂ ಹಿಡಿದಿಡುತ್ತವೆ. ಬಣ್ಣ ಬಳಿದ ಮರ, ಪ್ಲೈವುಡ್, ಕಟ್ಟಡದ ಅವಶೇಷ ಬೇಡ. ಗೆದ್ದಲು ಬರಬಹುದಾದ್ದರಿಂದ ಮರ ತುಂಬಿದ ಮಡಿಯನ್ನು ಮನೆಯ ಗೋಡೆಗೆ ತಾಗಿಸಬೇಡಿ.

ಮೇಲರ್ಧಕ್ಕೆ ಎರಡು ಪಾಲು ತೋಟದ ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ.

ನಂಬಿಕೆ 1: ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ

ತಪ್ಪು. ನುಣುಪಾದ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹಿಡಿದುಕೊಳ್ಳುತ್ತವೆ. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೂ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಹೀಗಾಗಿ ಬೇರಿಗೆ ಬೇಕಾದ ಜಾಗ ಕಡಿಮೆಯಾಗುತ್ತದೆ, ದುಡ್ಡೂ ಹೋಗುತ್ತದೆ.

ನಂಬಿಕೆ 2: ಮರ ಹೂತರೆ ಮಣ್ಣಿನ ಸಾರವೆಲ್ಲ ಹೋಗುತ್ತದೆ

ಇದರಲ್ಲಿ ಅರ್ಧ ಸತ್ಯವಿದೆ. ಮರದಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸುತ್ತಲಿನ ಮಣ್ಣಿನಿಂದ ಸಾರಜನಕವನ್ನು ತಾತ್ಕಾಲಿಕವಾಗಿ ಎಳೆದುಕೊಳ್ಳುತ್ತವೆ. ಮರದ ಪುಡಿಯನ್ನು ಬೇರಿನ ಮಟ್ಟದ ಮಣ್ಣಿಗೆ ಕಲಸಿದರೆ ಎಲೆಗಳು ಹಳದಿಯಾಗಬಹುದು. ದಪ್ಪ ಕೊಂಬೆಗಳು ತಳದಲ್ಲಿದ್ದರೆ ಈ ತೊಂದರೆ ಕಡಿಮೆ. ಜೊತೆಗೆ ಸ್ವಲ್ಪ ಕಡಲೆಕಾಯಿ ಹಿಂಡಿ ಹಾಕಿ, ಮೊದಲ ವರ್ಷ ಹುರುಳಿಕಾಯಿ, ಅಲಸಂದೆ ಬೆಳೆಯಬಹುದು.

ತಾರಸಿಯಾದರೆ ಎಚ್ಚರ

ಒದ್ದೆ ಮಣ್ಣು ಒಂದು ಅಡಿ ದಪ್ಪವಿದ್ದರೆ ಒಂದು ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಬೀಳುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಆದ್ದರಿಂದ ಅಗ್ಗವಾಗಿ ಸಿಕ್ಕಿತೆಂದು ಮಣ್ಣು ಸುರಿಯುವ ಮೊದಲು ಇಂಜಿನಿಯರರನ್ನು ಕೇಳಿ. ಕೋಕೋಪೀಟ್ ಬೆರೆಸಿದರೆ ಭಾರ ಇಳಿಯುತ್ತದೆ, ಆದರೆ ಅದೂ ನೀರು ಕುಡಿದು ತೂಕವಾಗುತ್ತದೆ ಎಂಬುದು ನೆನಪಿರಲಿ.

ಕೊನೆಯದಾಗಿ, ಕೆಳಗಿನ ಪದರ ಕೊಳೆತಂತೆ ಮಡಿ ಕುಗ್ಗುವುದು ಸಹಜ. ಪ್ರತಿ ಮಳೆಗಾಲಕ್ಕೆ ಮುಂಚೆ ಎರಡು-ಮೂರು ಅಂಗುಲ ಗೊಬ್ಬರ ಸೇರಿಸಿದರೆ ಸಾಕು. ಅಡುಗೆಮನೆಯ ಸಿಪ್ಪೆ, ಅಂಗಳದ ತರಗೆಲೆಯಿಂದ ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.