ಕೂದಲಿಲ್ಲದ ಬೆಕ್ಕಿನ ವಂಶಾವಳಿ

ನಮ್ಮ ಮಲೆನಾಡಿನ ಕಡೆ ದುಡ್ಡು ಕೊಟ್ಟು ಬೆಕ್ಕು ತಂದವರನ್ನು ನಾನು ಚಿಕ್ಕಂದಿನಲ್ಲಿ ಕಂಡವಳಲ್ಲ. ಅಟ್ಟದ ಮೇಲೆ ಇಲಿಗಳ ಕಾಟ ಹೆಚ್ಚಾದರೆ ನೆರೆಮನೆಯ ಬೆಕ್ಕು ಮರಿ ಹಾಕುವುದನ್ನೇ ಕಾಯುತ್ತಿದ್ದೆವು. ಮರಿ ಕಣ್ಣು ಬಿಟ್ಟು, ತಾಯಿಯ ಹಾಲು ಬಿಟ್ಟು, ಓಡಾಡುವಂತಾದ ಮೇಲೆ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದರೆ ಆಯಿತು. ಅದರ ಅಪ್ಪ ಯಾರು, ಅಜ್ಜ ಯಾರು ಎಂದು ಕೇಳಿದವರಿಲ್ಲ, ಕೇಳಿದರೂ ಹೇಳುವವರಿರಲಿಲ್ಲ. ಅಂಥ ಊರಿನಿಂದ ಹೋದ ನನ್ನ ಮಗಳು ಟೊರಾಂಟೊದಲ್ಲಿ ಬೆಕ್ಕಿನ ಮರಿಯೊಂದಕ್ಕೆ ಸಾವಿರಾರು ಡಾಲರ್ ಕೊಟ್ಟಳು. ಅದರ ಜೊತೆ ನಾಲ್ಕು ತಲೆಮಾರಿನ ಹೆಸರು ಅಚ್ಚಾದ ಕಾಗದವೂ ಬಂತು. ವಂಶಾವಳಿಯೇನೋ ಉದ್ದವಾಗಿತ್ತು, ಮೈಮೇಲೆ ಮಾತ್ರ ಒಂದು ಕೂದಲೂ ಇರಲಿಲ್ಲ.

ನಮ್ಮ ಊರಿನ ತಾಯಂದಿರು ವಿದೇಶಕ್ಕೆ ಹೋಗುವುದು ಸಾಮಾನ್ಯವಾಗಿ ಮಗಳ ಬಾಣಂತನಕ್ಕೆ. ನಾಲ್ಕು ತಿಂಗಳು ಇದ್ದು ಬರೋಣವೆಂದು ಹೋದ ನನಗೆ ದಕ್ಕಿದ್ದು ಬೆಕ್ಕಿನ ಬಾಣಂತನ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟುಬಿಟ್ಟರೆ ಮನೆಯಲ್ಲಿ ನಾನು ಮತ್ತು ಆ ಸುಕ್ಕುಮೈಯ ಜೀವ. ಹುಟ್ಟಿದ ಮೂರನೇ ದಿನದ ಶಿಶುವಿನಂಥ ಹಣೆ, ಮೊರದಂಥ ಕಿವಿ, ನಿಂಬೆಹಣ್ಣಿನಂಥ ಕಣ್ಣು. ‘ಇದಕ್ಕೆ ಏನಾದರೂ ಕಾಯಿಲೆಯೇನೇ?’ ಎಂದು ಕೇಳಿದೆ. ‘ಇಲ್ಲಮ್ಮಾ, ಇದು ಹುಟ್ಟಿದ್ದೇ ಹೀಗೆ. ಸ್ಫಿಂಕ್ಸ್ ಅಂತ ಜಾತಿ’ ಎಂದಳು. ಆ ಚಳಿಗಾಲದ ಮಧ್ಯಾಹ್ನಗಳಲ್ಲಿ ಮಡಿಲಲ್ಲಿ ಅದನ್ನು ಮಲಗಿಸಿಕೊಂಡು ಅದರ ಚರಿತ್ರೆ ಓದತೊಡಗಿದೆ.

ಹೆಸರು ಕೇಳಿದವರು ಈಜಿಪ್ಟಿನ ಬೆಕ್ಕೆಂದೇ ತಿಳಿಯುತ್ತಾರೆ. ಪಿರಮಿಡ್ಡಿನ ಬಳಿಯ ಕಲ್ಲಿನ ಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟದ್ದು ನಿಜ. ಆದರೆ ಈಜಿಪ್ಟಿಗೂ ಇದಕ್ಕೂ ಇರುವ ಸಂಬಂಧ ಅಷ್ಟೇ. ಇದರ ಹುಟ್ಟೂರು ನನ್ನ ಮಗಳು ಮನೆ ಮಾಡಿರುವ ಆ ಟೊರಾಂಟೊವೇ.

ಇದಕ್ಕಿಂತ ಹಿಂದೆಯೂ ಅಲ್ಲೊಂದು ಇಲ್ಲೊಂದು ಬೋಳು ಬೆಕ್ಕು ಹುಟ್ಟಿದ್ದುಂಟು. 1903ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಸಿಂಪ್ಸನ್ ಎಂಬಾಕೆ ಬೆಕ್ಕುಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದಳು. ಅದರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತ್ಯದ ಅಲ್ಬುಕರ್ಕಿಯಲ್ಲಿದ್ದ ನೆಲ್ಲಿ ಮತ್ತು ಡಿಕ್ ಎಂಬ ಎರಡು ಬೋಳು ಬೆಕ್ಕುಗಳ ಕತೆಯಿದೆ. ಇವು ಪುರಾತನ ಅಜ್ಟೆಕ್ ಜನರ ಬೆಕ್ಕಿನ ಕೊನೆಯ ಕುಡಿಗಳೆಂಬ ಮಾತಿತ್ತು. ಯುರೋಪಿನವರು ಹಡಗಿನಲ್ಲಿ ತರುವವರೆಗೆ ಅಮೆರಿಕದಲ್ಲಿ ಸಾಕುಬೆಕ್ಕೇ ಇರಲಿಲ್ಲವಾದ್ದರಿಂದ ಅದು ನಿಜವಾಗಿರುವುದು ಸಾಧ್ಯವಿಲ್ಲ. ನೋಡಿ, ಬೆಕ್ಕಿಗೂ ಮನುಷ್ಯರು ದೊಡ್ಡ ಮನೆತನ ಹುಡುಕಿಕೊಡದೆ ಬಿಡುವುದಿಲ್ಲ! ಡಿಕ್ ಒಂದು ರಾತ್ರಿ ಕಳ್ಳತನದಿಂದ ಹೊರಗೆ ಹೋಗಿ ನಾಯಿಗಳ ಬಾಯಿಗೆ ಸಿಕ್ಕಿತು. ಅಲ್ಲಿಗೆ ಆ ಸಂತಾನ ಮುಗಿಯಿತು.

ಈಗಿನ ಕತೆ ಶುರುವಾಗುವುದು 1966ರಲ್ಲಿ. ಟೊರಾಂಟೊದ ಎಲಿಜಬೆತ್ ಎಂಬ ಕಪ್ಪು ಬಿಳುಪಿನ ಸಾಧಾರಣ ಮನೆಬೆಕ್ಕು ಹಾಕಿದ ಮರಿಗಳಲ್ಲಿ ಒಂದು ಬೋಳಾಗಿ ಹುಟ್ಟಿತು. ಅದಕ್ಕೆ ಪ್ರೂನ್ ಎಂದು ಹೆಸರಾಯಿತು. ಒಣಗಿದ ಸುಕ್ಕು ಹಣ್ಣಿನ ಹೆಸರು, ಸರಿಯಾಗಿಯೇ ಇಟ್ಟಿದ್ದಾರೆ. ರಿಯಾದ್ ಬಾವಾ ಎಂಬ ವಿಜ್ಞಾನದ ವಿದ್ಯಾರ್ಥಿ ಮತ್ತು ಅವನ ತಾಯಿ ಇದರಿಂದ ಹೊಸ ತಳಿ ಬೆಳೆಸಲು ಹೊರಟರು. ಅದಕ್ಕಾಗಿ ಪ್ರೂನನ್ನು ಅದರ ಹೆತ್ತ ತಾಯಿಯೊಡನೆಯೇ ಕೂಡಿಸಿದರು. ಓದುವಾಗ ಮನಸ್ಸು ಮುದುಡಿತು. ಆದರೆ ಬಹುಪಾಲು ಹೊಸ ತಳಿಗಳು ಹುಟ್ಟುವುದು ಹೀಗೆ ಹತ್ತಿರದ ರಕ್ತದಲ್ಲೇ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ 1970ರಲ್ಲಿ ಇದಕ್ಕೆ ತಾತ್ಕಾಲಿಕ ಮಾನ್ಯತೆ ಕೊಟ್ಟಿತು. ಮರಿಗಳು ಬಾಳಲಿಲ್ಲ, ರೋಗಗಳು ಹೆಚ್ಚು ಎಂದು ಮರುವರ್ಷವೇ ಅದನ್ನು ಹಿಂತೆಗೆದುಕೊಂಡಿತು.

ಆಮೇಲೆ 1975ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ವಡೀನಾ ಎಂಬಲ್ಲಿ, ಎಥಲಿನ್ ಪಿಯರ್ಸನ್ ಎಂಬ ರೈತಗಿತ್ತಿಯ ಕೊಟ್ಟಿಗೆಯ ಬೆಕ್ಕು ಒಂದು ಬೋಳು ಹೆಣ್ಣುಮರಿ ಹಾಕಿತು. ಮರುವರ್ಷ ಇನ್ನೊಂದು. 1978ರಲ್ಲಿ ಮತ್ತೆ ಟೊರಾಂಟೊದಲ್ಲೇ ಶರ್ಲಿ ಸ್ಮಿತ್ ಎಂಬಾಕೆಗೆ ಬೀದಿಯಲ್ಲಿ ಮೂರು ಬೋಳು ಮರಿಗಳು ಸಿಕ್ಕವು. ಗಂಡುಮರಿ ಬ್ಯಾಂಬಿ ಆಕೆಯ ಮನೆಯಲ್ಲೇ ಉಳಿಯಿತು. ಪಂಕಿ ಮತ್ತು ಪಲೋಮಾ ಎಂಬ ಎರಡು ಹೆಣ್ಣುಗಳು ಸಮುದ್ರ ದಾಟಿ ನೆದರ್‌ಲೆಂಡ್ಸ್‌ಗೆ, ಡಾ. ಹ್ಯೂಗೋ ಹರ್ನಾಂಡೆಜ್ ಎಂಬ ತಳಿಗಾರನ ಮನೆಗೆ ಹೋದವು. ಆತ ಅವುಗಳನ್ನು ಇಂಗ್ಲೆಂಡ್ ಮೂಲದ ಡೆವನ್ ರೆಕ್ಸ್ ಎಂಬ ಗುಂಗುರುಕೂದಲಿನ ಬೆಕ್ಕಿನೊಡನೆ ಕೂಡಿಸಿದ. ರಕ್ತ ಬೇರೆಯಾದದ್ದರಿಂದ ಸಂತಾನ ನಿಂತಿತು. ಇಂದಿನ ಸ್ಫಿಂಕ್ಸ್‌ಗಳು ಹೆಚ್ಚಾಗಿ ಮಿನೆಸೋಟದ ಕೊಟ್ಟಿಗೆ, ಟೊರಾಂಟೊದ ಬೀದಿ ಈ ಎರಡು ಮೂಲಗಳವೇ. 1971ರಲ್ಲಿ ಬೇಡವೆಂದ ಸಂಸ್ಥೆಯೇ 2002ರಲ್ಲಿ ಇದನ್ನು ಪ್ರಶಸ್ತಿ ಸ್ಪರ್ಧೆಯ ಸಾಲಿಗೆ ಸೇರಿಸಿತು.

ರಷ್ಯಾದಲ್ಲೂ ಇಂಥದೇ ಬೇರೊಂದು ಕತೆ. 1987ರಲ್ಲಿ ರಾಸ್ತೋವ್ ಪಟ್ಟಣದ ಎಲೆನಾ ಕೊವಲ್ಯೋವಾ, ಹುಡುಗರು ಹಿಂಸಿಸುತ್ತಿದ್ದ ಒಂದು ಮರಿಯನ್ನು ಬಿಡಿಸಿ ಮನೆಗೆ ತಂದಳಂತೆ. ಅದರ ಕೂದಲು ಕ್ರಮೇಣ ಉದುರಿಹೋಯಿತು. ಡಾನ್ಸ್ಕಾಯ್ ಎಂಬ ತಳಿ ಅದರಿಂದ ಬಂದದ್ದು.

ನಾನು ಗಮನಿಸಿದ್ದು ಇದು. ಎಥಲಿನ್, ಶರ್ಲಿ, ಎಲೆನಾ ಯಾರೂ ತಳಿ ಬೇಕೆಂದು ಹುಡುಕಿಕೊಂಡು ಹೋದವರಲ್ಲ. ವಿಕಾರವೆಂದು ಇನ್ನೊಬ್ಬರು ಎಸೆಯಬಹುದಾಗಿದ್ದ ಜೀವವನ್ನು ಬೆಚ್ಚಗೆ ಸುತ್ತಿ, ಹಾಲು ಕೊಟ್ಟು ಉಳಿಸಿದ ಹೆಂಗಸರು. ಆ ಕರುಣೆಗೆ ಬೆಲೆಚೀಟಿ ಅಂಟಿದ್ದು ಆಮೇಲೆ. ಉಳಿಸಿಕೊಳ್ಳುವುದು ಒಂದು ಕೆಲಸ, ಬೇಕೆಂದೇ ಹುಟ್ಟಿಸುವುದು ಇನ್ನೊಂದು.

ಕೂದಲು ಏಕಿಲ್ಲವೆಂಬುದು 2010ರಲ್ಲಿ ತಿಳಿಯಿತು. ಕೂದಲಿನ ಬುಡವನ್ನು ಗಟ್ಟಿಯಾಗಿ ಹಿಡಿದಿಡುವ ಕೆರಾಟಿನ್ ಎಂಬ ಸತ್ವವಿದೆಯಲ್ಲ, ಅದರ ಒಂದು ಜೀನ್‌ನಲ್ಲಿ ದೋಷ. ಕೂದಲು ಹುಟ್ಟುತ್ತದೆ, ಬುಡ ಸಡಿಲವಾಗಿ ಉದುರುತ್ತದೆ. ಡೆವನ್ ರೆಕ್ಸ್‌ನ ಗುಂಗುರಿಗೂ ಅದೇ ಜೀನ್ ಕಾರಣ. ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮಾತ್ರ ಮರಿ ಬೋಳಾಗುತ್ತದೆ. ಕೂದಲಿನ ಜೊತೆ ಮೀಸೆಯೂ ಇಲ್ಲ. ಇದ್ದರೂ ಮೊಟಕು, ಮುರುಟು. ಕತ್ತಲಲ್ಲಿ ಬೆಕ್ಕು ದಾರಿ ಅಳೆಯುವುದೇ ಮೀಸೆಯಿಂದ.

ಇನ್ನು ಆರೈಕೆಯ ಮಾತು. ಕೂದಲಿಲ್ಲ, ಆದ್ದರಿಂದ ಕೆಲಸವೂ ಇಲ್ಲ ಎಂದುಕೊಳ್ಳುವವರು ಕೇಳಬೇಕು. ಎಲ್ಲ ಬೆಕ್ಕಿನ ಚರ್ಮದಲ್ಲೂ ಜಿಡ್ಡು ಒಸರುತ್ತದೆ, ಅದು ಕೂದಲಿಗೆ ಹರಡಿಹೋಗುತ್ತದೆ. ಇದಕ್ಕೆ ಕೂದಲಿಲ್ಲದ್ದರಿಂದ ಜಿಡ್ಡು ಮೈಮೇಲೇ ನಿಂತು, ದಿಂಬು ಹೊದಿಕೆಗಳಿಗೆಲ್ಲ ಕಂದು ಕಲೆ ಹತ್ತುತ್ತದೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಕೂಡಲೇ ಟವೆಲಿನಲ್ಲಿ ಸುತ್ತಿ ಒರೆಸಬೇಕು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದ ಅಭ್ಯಾಸವಿದ್ದ ನನಗೆ ಇದೇನೂ ಹೊಸದೆನಿಸಲಿಲ್ಲ. ಅತ್ತದ್ದೂ ಹೆಚ್ಚುಕಡಿಮೆ ಹಾಗೆಯೇ. ಎಣ್ಣೆ ಹಚ್ಚಿ ಎರೆಯೋಣವೇ ಎಂದರೆ ಮಗಳು ಕೈಮುಗಿದಳು, ಎಣ್ಣೆ ಅದರ ಮೈಯಲ್ಲೇ ಬೇಕಾದಷ್ಟಿದೆಯಲ್ಲ! ಕಿವಿಯೊಳಗೆ ಕೂದಲಿಲ್ಲದ್ದರಿಂದ ಗುಗ್ಗೆ ಬೇಗ ತುಂಬುತ್ತದೆ, ಉಗುರಿನ ಸಂದಿಯಲ್ಲಿ ಕೊಳೆ ಕೂರುತ್ತದೆ. ಎರಡನ್ನೂ ಮೆತ್ತನೆ ಬಟ್ಟೆಯಿಂದ ಒರೆಸುತ್ತಿರಬೇಕು. ಚಳಿ ತಡೆಯುವುದಿಲ್ಲ, ಬಿಸಿಲಲ್ಲಿ ಚರ್ಮ ಸುಡುತ್ತದೆ. ಹೊರಗೆ ಬಿಡುವ ಹಾಗಿಲ್ಲ. ದಿನವಿಡೀ ಬಿಸಿಗಾಳಿ ಬರುವ ಕಿಂಡಿಯ ಮುಂದೋ ನನ್ನ ಶಾಲಿನೊಳಗೋ ಅದರ ವಾಸ.

ಮೈ ಬೆಚ್ಚಗಿಟ್ಟುಕೊಳ್ಳಲು ಶಕ್ತಿ ಖರ್ಚಾಗುವುದರಿಂದ ಹಸಿವೂ ಜಾಸ್ತಿ. ‘ಒಂದಿಷ್ಟು ಹಾಲು ಅನ್ನ ಕಲಸಿ ಹಾಕಿದರಾಗದೇ?’ ಎಂದು ಕೇಳಿದ್ದೆ. ನಮ್ಮ ಬೆಕ್ಕುಗಳು ಹಾಲು ಅನ್ನ ತಿಂದು ಬದುಕಿದ್ದು, ಮಿಕ್ಕಿದ್ದನ್ನು ಅವೇ ಇಲಿ ಹಿಡಿದು ಸರಿಮಾಡಿಕೊಳ್ಳುತ್ತಿದ್ದುದರಿಂದ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಯಾವ ಬೆಕ್ಕಿಗಾದರೂ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯೊಳಗೇ ಇರುವ ಬೆಕ್ಕಿಗೆ ಅದನ್ನು ನಾವೇ ಕೊಡಬೇಕು.

ಮಗಳು ಈ ಜಾತಿಯನ್ನೇ ಆರಿಸಿದ್ದು ಅಳಿಯನಿಗೆ ಬೆಕ್ಕಿನ ಅಲರ್ಜಿಯಿದೆಯೆಂದು. ಕೂದಲಿಲ್ಲದಿದ್ದರೆ ಸೀನೂ ಇಲ್ಲವೆಂದು ಮಾರಿದವರು ಹೇಳಿದ್ದರಂತೆ. ಸೀನು ತರಿಸುವುದು ಕೂದಲಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್. ಅದು ಇದಕ್ಕೂ ಉಂಟು. ಅಳಿಯಂದಿರು ಮೊದಲಿನಷ್ಟೇ ಸೀನಿದರು, ಆದರೂ ರಾತ್ರಿ ತಮ್ಮ ರಗ್ಗಿನೊಳಗೆ ಅದಕ್ಕೆ ಜಾಗ ಬಿಟ್ಟರು.

ಮೂರನೆಯ ವರ್ಷ ಪಶುವೈದ್ಯೆ ಎದೆಗೆ ಕೊಳವೆ ಹಿಡಿದು ಕೇಳಿ ಮುಖ ಚಿಕ್ಕದು ಮಾಡಿದಳಂತೆ. ಎಕೋ ಮಾಡಿಸಿದಾಗ ಹೃದಯದ ಗೋಡೆ ದಪ್ಪವಾಗಿರುವುದು ಕಂಡಿತು. ಈ ತಳಿಯಲ್ಲಿ ಹೆಚ್ಚಾಗಿ ಕಾಣುವ, ಮೇಲುನೋಟಕ್ಕೆ ತಿಳಿಯದ ಕಾಯಿಲೆ ಅದು. ಮಗಳು ಮಾರಿದವರಿಗೆ ಫೋನ್ ಮಾಡಿ, ತಾಯಿ ತಂದೆಯ ಎಕೋ ಮಾಡಿಸಿದ್ದಿರಾ ಎಂದು ಕೇಳಿದಳು. ಉತ್ತರವಿಲ್ಲ. ವಂಶಾವಳಿಯ ಕಾಗದ ತೆಗೆದು ನೋಡಿದರೆ ಗೆದ್ದ ಬಹುಮಾನಗಳೆಲ್ಲ ಇವೆ, ಹೃದಯದ ಬಗ್ಗೆ ಒಂದಕ್ಷರವಿಲ್ಲ.

ಆದ್ದರಿಂದ ಯಾರಾದರೂ ಇಂಥ ಮರಿ ತರಲೇಬೇಕೆಂದಿದ್ದರೆ ಕೇಳಬೇಕಾದ್ದು ಬಣ್ಣ, ಬಹುಮಾನಗಳನ್ನಲ್ಲ. ತಾಯಿ ತಂದೆ ಎರಡರ ಹೃದಯದ ಎಕೋ ವರದಿ ಕೊಡಿ ಎನ್ನಬೇಕು. ಅದೂ ಇತ್ತೀಚಿನದು, ಏಕೆಂದರೆ ಒಮ್ಮೆ ಸರಿಯಿದ್ದದ್ದು ಆಮೇಲೆ ಕೆಡಬಹುದು. ತಾಯಿಬೆಕ್ಕನ್ನು ಅದರ ಮನೆಯಲ್ಲೇ ನೋಡಬೇಕು. ಹನ್ನೆರಡು ವಾರ ತುಂಬದ ಮರಿಯನ್ನು ತರಬಾರದು. ಇಷ್ಟು ಕೇಳಿದ್ದಕ್ಕೆ ಸಿಡುಕುವವರ ಮನೆಯಿಂದ ಬರಿಗೈಯಲ್ಲಿ ಬಂದರೇ ಮೇಲು.

ಕಾನೂನಿನ ಕಣ್ಣೂ ಈಗ ಇದರ ಮೇಲೆ ಬಿದ್ದಿದೆ. 2015ರಲ್ಲಿ ಬರ್ಲಿನ್ನಿನ ನ್ಯಾಯಾಲಯವೊಂದು, ಮೀಸೆಯಿಲ್ಲದ ಬೆಕ್ಕನ್ನು ಹುಟ್ಟಿಸುವುದೇ ಪ್ರಾಣಿಹಿಂಸೆಯೆಂದು ಹೇಳಿ, ಒಂದು ಸ್ಫಿಂಕ್ಸ್ ಗಂಡಿಗೆ ಸಂತಾನಹರಣ ಮಾಡಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ನೆದರ್‌ಲೆಂಡ್ಸ್‌ನಲ್ಲಿ ಇದರ ತಳಿ ಬೆಳೆಸುವುದು ಮೊದಲೇ ನಿಷಿದ್ಧವಾಗಿತ್ತು. 2026ರ ಜನವರಿ 1ರಿಂದ ಹೊಸದಾಗಿ ಸಾಕುವುದೂ ನಿಷಿದ್ಧ. ಪಂಕಿ, ಪಲೋಮಾ ಹೋಗಿ ಸೇರಿದ ದೇಶವೇ ಅದು! ಆದರೆ ಆ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ. ಆ ದಿನಕ್ಕೆ ಮೊದಲೇ ಹುಟ್ಟಿ, ಗುರುತಿನ ಚಿಪ್ ಹಾಕಿಸಿಕೊಂಡ ಬೆಕ್ಕುಗಳು ತಮ್ಮ ಮನೆಯಲ್ಲೇ ಆಯುಸ್ಸು ಮುಗಿಸಬಹುದು. ಹುಟ್ಟಿದ್ದನ್ನು ಸಾಕಿ, ಹುಟ್ಟಿಸುವುದನ್ನು ನಿಲ್ಲಿಸಿ ಎಂದ ಹಾಗೆ. ಮನೆ ನಡೆಸಿದ ಯಾವ ಹೆಂಗಸಿಗೂ ಈ ನ್ಯಾಯ ಅರ್ಥವಾಗುತ್ತದೆ.

ಮಗಳು ಜೊತೆಗಿರಲೆಂದು ಇನ್ನೊಂದು ಸ್ಫಿಂಕ್ಸ್ ತರುವ ಯೋಚನೆಯಲ್ಲಿದ್ದಳು. ಅದನ್ನು ಬಿಟ್ಟು, ಅನಾಥ ಬೆಕ್ಕುಗಳನ್ನು ಇಟ್ಟುಕೊಳ್ಳುವ ಕಡೆಯಿಂದ ಬೂದುಬಣ್ಣದ, ಮೈತುಂಬ ಕೂದಲಿನ, ಒಂದು ಕಿವಿ ಹರಿದ ಹೆಣ್ಣುಬೆಕ್ಕನ್ನು ತಂದಿದ್ದಾಳೆ. ಮೊದಲಿನದಕ್ಕೆ ದಿನಕ್ಕೆರಡು ಸಲ ಮಾತ್ರೆ. ಭಾನುವಾರ ಸ್ನಾನವಾದ ಮೇಲೆ ಅದು ಹೋಗಿ ಹೊಸಬಳ ಕೂದಲಿನೊಳಗೆ ಮೈಯೊತ್ತಿ ಮಲಗುತ್ತದಂತೆ.