ಶಾಂತಿಗ್ರಾಮದ ನೆಲೆಯೂ ಜನಸಂಖ್ಯೆಯೂ

ಹಾಸನದಿಂದ ಪೂರ್ವಾಭಿಮುಖವಾಗಿ ಚನ್ನರಾಯಪಟ್ಟಣದ ಕಡೆಗೆ ಹೊರಟವರಿಗೆ ಎಂಟು ಮೈಲಿಯಷ್ಟು ದೂರದಲ್ಲಿ ಶಾಂತಿಗ್ರಾಮವು ದೊರೆಯುತ್ತದೆ. ಇದು ಹಾಸನ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಭೂಪಟದಲ್ಲಿ ಬೇಲೂರಿನಿಂದ ಶ್ರವಣಬೆಳ್ಗೊಳಕ್ಕೆ ನೇರವಾಗಿ ಒಂದು ಗೆರೆಯನ್ನೆಳೆದರೆ ಈ ಊರು ಬಹುಮಟ್ಟಿಗೆ ಆ ಗೆರೆಯ ಮೇಲೆಯೇ ಬರುವುದು. ಈ ನೆಲೆಯು ಊರಿನ ಚರಿತ್ರೆಗೆ ಚೆನ್ನಾಗಿ ಒಪ್ಪುತ್ತದೆ.

ಊರಿನ ಹೆಸರನ್ನು ಪರಂಪರೆಯು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯಾದ ಶಾಂತಲದೇವಿಗೆ ಸೇರಿಸುತ್ತದೆ. ಆಕೆಯ ತಂದೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಆಕೆಯು ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ, 1123ರಲ್ಲಿ ಬೆಳ್ಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿ, 1131ರಲ್ಲಿ ಶಿವಗಂಗೆಯಲ್ಲಿ ಮರಣಹೊಂದಿದಳು. ಶಾಂತಿಗ್ರಾಮದಲ್ಲಿಯೂ ಧರ್ಮೇಶ್ವರನ ಗುಡಿಯೂ ಭೋಗನರಸಿಂಹನ ಗುಡಿಯೂ ಒಂದೇ ಊರಿನೊಳಗಿವೆ.

ಇಷ್ಟನ್ನು ಕಲ್ಲುಗಳು ಹೇಳುತ್ತವೆ. ಆದರೆ ಆ ಕಾಲದಲ್ಲಿ ಊರೊಳಗೆ ಎಷ್ಟು ಮಂದಿ ಬಾಳುತ್ತಿದ್ದರೆಂದು ಕೇಳಿದರೆ ಕಲ್ಲುಗಳು ಮೌನವಾಗುತ್ತವೆ. ದಾನಶಾಸನಗಳು ಸಾಮಾನ್ಯವಾಗಿ ಗದ್ದೆ ಬೆದ್ದಲುಗಳನ್ನು ಅಳೆಯುತ್ತವೆ. ಕೆರೆ, ಮರ, ನೆಟ್ಟ ಕಲ್ಲುಗಳಿಂದ ಎಲ್ಲೆಯನ್ನು ಗುರುತಿಸುತ್ತವೆ. ಬ್ರಾಹ್ಮಣರ ವೃತ್ತಿಗಳನ್ನು ಎಣಿಸುತ್ತವೆ. ಆ ಗದ್ದೆಯನ್ನು ಉತ್ತವರ ತಲೆಯೆಣಿಕೆಯು ದಾನಪತ್ರಕ್ಕೆ ಬೇಕಾಗಿರಲಿಲ್ಲ.

ಜನರನ್ನು ಎಣಿಸುವ ಪದ್ಧತಿಗೆ ಮೈಸೂರು ಸೀಮೆಯಲ್ಲಿ ಬಹುಕಾಲ ನಡೆದುಬಂದ ಹೆಸರು ಖಾನೇಷುಮಾರಿ. ಇದು ಪಾರಸೀ ಮಾತು: ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಮನುಷ್ಯನಿಗಿಂತ ಮೊದಲು ಮನೆಯನ್ನೆಣಿಸುವ ದೃಷ್ಟಿಯು ಹೆಸರಿನಲ್ಲಿಯೇ ಅಡಗಿದೆ. ಈ ಮಾತಿನ ತವರಾದ ಇರಾನಿನಲ್ಲಿಯೂ ರಾಷ್ಟ್ರವ್ಯಾಪಿಯಾದ ಮೊದಲ ಜನಗಣತಿಯು ನಡೆದುದು 1956ರಲ್ಲಿ. ಅಲ್ಲಿಯ ಸಣ್ಣ ಹಳ್ಳಿಗಳಿಗೂ ಜನಸಂಖ್ಯೆಯ ಪಕ್ಕದಲ್ಲಿ ಒಕ್ಕಲುಗಳ ಸಂಖ್ಯೆಯನ್ನು ಕೊಡುವ ವಾಡಿಕೆಯಿದೆ.

ಮೈಸೂರಿನಲ್ಲಿ ಕ್ರಮವಾದ ಜನಗಣತಿಯು 1871ರಲ್ಲಿ ನಡೆಯಿತು. ಆಗ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ತರುವಾಯ, 1881ರಲ್ಲಿ, ಅದು 41,86,188ಕ್ಕೆ ಇಳಿದಿತ್ತು. ನಡುವೆ ಬಂದುದು 1876ರಿಂದ 1878ರವರೆಗಿನ ಮಹಾಕ್ಷಾಮ. ಕಡಿಮೆಯಾದವರು 8,69,224 ಮಂದಿ. ಕ್ಷಾಮವಿಲ್ಲದಿದ್ದರೆ ಆ ದಶಕದಲ್ಲಿ ಹುಟ್ಟಿ ಉಳಿಯಬಹುದಾಗಿದ್ದವರು ಈ ಲೆಕ್ಕಕ್ಕೆ ಸೇರಿಲ್ಲ. ಇಷ್ಟು ದೊಡ್ಡ ನಷ್ಟವು ಒಂದೊಂದು ಹಳ್ಳಿಯಲ್ಲಿ ಬಾಗಿಲು ಮುಚ್ಚಿದ ಮನೆಯಾಗಿ, ಬೀಳುಬಿದ್ದ ಹೊಲವಾಗಿ ಕಾಣಿಸಿಕೊಂಡಿರಬೇಕು. ಕೆರೆಯನ್ನೂ ಮಳೆಯನ್ನೂ ನಂಬಿದ ಸೀಮೆಗೆ ಎರಡೂ ಕೈಕೊಟ್ಟಾಗ, ಏಳೂವರೆ ಶತಮಾನಗಳ ಹಿಂದಿನ ರಾಣಿಯ ಕೀರ್ತಿಯು ಯಾರ ಹಸಿವನ್ನೂ ತಣಿಸಲಾರದು.

1951ರಿಂದೀಚೆಗೆ ಜಿಲ್ಲಾ ಜನಗಣತಿಯ ಕೈಪಿಡಿಗಳಲ್ಲಿ ಪ್ರತಿ ಗ್ರಾಮಕ್ಕೂ ಒಂದು ಪಂಕ್ತಿಯು ಮೀಸಲಾಯಿತು. ಮನೆಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಅಕ್ಷರಸ್ಥರೆಷ್ಟು ಎಂಬುದು ಅದರಲ್ಲಿ ದೊರೆಯುತ್ತದೆ. ನೋಟಕ್ಕೆ ಶುಷ್ಕವಾದ ಆ ಪಂಕ್ತಿಯಲ್ಲಿ ಅರ್ಚಕನೂ ಒಕ್ಕಲಿಗನೂ ಕೂಲಿಯ ಹೆಂಗಸೂ ಒಂದೊಂದು ತಲೆಯಾಗಿಯೇ ಎಣಿಕೆಗೊಳ್ಳುತ್ತಾರೆ. ಹಳೆಯ ದಾನಶಾಸನಗಳಲ್ಲಿ ಅವರೆಲ್ಲರಿಗೂ ಹೀಗೆ ಸ್ಥಳ ದೊರೆತಿರಲಿಲ್ಲ. ಗ್ರಾಮಚರಿತ್ರೆಯನ್ನು ಬರೆಯುವವರು ಗುಡಿಯ ಕಲ್ಲನ್ನು ಓದಿದಷ್ಟೇ ಆಸ್ಥೆಯಿಂದ ಈ ಪಂಕ್ತಿಗಳನ್ನೂ ಓದಬೇಕು.